ಜಿಗಿತದ ಸಾಧನೆಯಲ್ಲಿ ಭಾರದ ಸ್ಥಾನ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಅನೇಕರು ಪತ್ರಿಕೆಯ ಕೊನೆಯ ಪುಟವನ್ನೇ ಮೊದಲು ತೆರೆಯುವವರು. ಆಟದ ಸುದ್ದಿಯನ್ನು ಓದಿ ಮುಗಿಸಿದ ಮೇಲೆಯೇ ಉಳಿದ ಲೋಕದ ಸಮಾಚಾರ. ಇವರಲ್ಲಿ ಕೆಲವರು ರವಿವಾರ ಮೈದಾನದಲ್ಲಿ ಕಬಡ್ಡಿ, ವಾಲಿಬಾಲ್ ಆಡುತ್ತಾರೆ. ಇನ್ನು ಕೆಲವರು ಊರಿನ ಪೊಲೀಸ್ ಭರ್ತಿಗೆ ಅರ್ಜಿ ಹಾಕಿ, ಓಟದ ಜೊತೆಗೆ ಉದ್ದಜಿಗಿತ ಎತ್ತರಜಿಗಿತಗಳನ್ನೂ ಅಭ್ಯಾಸ ಮಾಡುತ್ತಿರುತ್ತಾರೆ. ಈ ತರುಣರು ನಮ್ಮಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದುಂಟು: “ಮೈಮೇಲೆ ಭಾರ ಹೊತ್ತುಕೊಂಡು ಜಿಗಿದು ಅಭ್ಯಾಸ ಮಾಡಿದರೆ, ಭಾರ ಇಳಿಸಿದ ದಿನ ಹೆಚ್ಚು ಎತ್ತರ ಜಿಗಿಯಬಹುದಲ್ಲವೆ?”

ಪ್ರಶ್ನೆ ಒಳ್ಳೆಯದು. ಉತ್ತರವು ‘ಹೌದು’ ಎಂಬುದೇ. ಆದರೆ ಆ ಹೌದಿನ ಹಿಂದೆ ಮೂರು ನಾಲ್ಕು ಕಟ್ಟಳೆಗಳಿವೆ. ಅವನ್ನು ಬಿಟ್ಟು ಬರಿಯ ಹೌದನ್ನು ಹಿಡಿದವರು ಏನಾಗುತ್ತಾರೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬಳಗದ ಒಬ್ಬ ತರುಣ, ಹೋಟೆಲಿನಲ್ಲಿ ಕೆಲಸ ಮಾಡುವವನು, ಹಗಲೆಲ್ಲ ನಿಂತು ದುಡಿದು, ರಾತ್ರಿ ಚಾಳಿನ ಅಂಗಳದಲ್ಲಿ ಸಾಧನೆಗೆ ತೊಡಗಿದ. ಯಾರದೋ ಮೊಬೈಲಿನಲ್ಲಿ ಪರದೇಶದ ಆಟಗಾರರ ಕಸರತ್ತನ್ನು ನೋಡಿದ್ದನಂತೆ. ಹತ್ತು ಕಿಲೋ ಮರಳನ್ನು ಚೀಲಕ್ಕೆ ತುಂಬಿ ಬೆನ್ನಿಗೆ ಬಿಗಿದುಕೊಂಡು, ಐದನೆಯ ಮೆಟ್ಟಿಲಿನಿಂದ ಕಲ್ಲುಹಾಸಿನ ಮೇಲೆ ಧುಮುಕುವುದು, ಮತ್ತೆ ಹತ್ತಿ ಧುಮುಕುವುದು. ಎರಡು ವಾರ ಹುರುಪು ಏರುತ್ತ ಹೋಯಿತು. ಮೂರನೆಯ ವಾರ ಮಂಡಿಚಿಪ್ಪಿನ ಕೆಳಗೆ ಸೂಜಿ ಚುಚ್ಚಿದಂಥ ನೋವು ಕಾಣಿಸಿತು. ಭರ್ತಿಯ ದಿನ ಅವನು ಮೈದಾನಕ್ಕೆ ಹೋಗಲಾಗಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಂತು ಮಾಡುವ ಕೆಲಸಕ್ಕೂ ಹೋಗಲಾಗದೆ ಎಂಟು ದಿನದ ಸಂಬಳ ಹೋಯಿತು. ನಮ್ಮಂಥವರಿಗೆ ಕಾಲೇ ಬಂಡವಾಳ. ಬಂಡವಾಳವನ್ನು ಹೀಗೆ ಪಣಕ್ಕೆ ಒಡ್ಡಬಾರದು. ಆದಕಾರಣ ಈ ಸಲದ ಪಾಠದಲ್ಲಿ ಭಾರ ಹೊತ್ತು ಜಿಗಿಯುವ ಸಾಧನೆಯ ಗುಣವೇನು, ಗುಟ್ಟೇನು, ಅಪಾಯವೇನು ಎಂಬುದನ್ನು ವಿಚಾರಿಸೋಣ.

೧. ಜಿಗಿತವೆಂದರೆ ಏನು?

ಜಿಗಿತವೆಂದರೆ ನೆಲವನ್ನು ಒದೆಯುವುದು. ನೆಲವು ಆ ಒದೆತವನ್ನು ಅಷ್ಟೇ ಬಲದಿಂದ ಹಿಂದಿರುಗಿಸುತ್ತದೆ, ಮೈ ಮೇಲೇಳುತ್ತದೆ. ಹಾಗಾದರೆ ತೊಡೆಯಲ್ಲಿ ಹೆಚ್ಚು ಬಲವಿದ್ದವನೇ ಹೆಚ್ಚು ಎತ್ತರ ಜಿಗಿಯಬೇಕಲ್ಲವೆ? ಇಲ್ಲಿಯೇ ಒಂದು ತೊಡಕಿದೆ. ಕಾಲು ತನ್ನ ಪೂರ್ಣ ಬಲವನ್ನು ತೋರಬೇಕಾದರೆ ಒಂದು ಸೆಕೆಂಡಿನ ಮೂರನೆಯ ಒಂದು ಪಾಲೋ ಅದಕ್ಕೂ ಹೆಚ್ಚೋ ಕಾಲ ಬೇಕು. ಆದರೆ ಓಡಿ ಬಂದು ಉದ್ದಜಿಗಿತ ಮಾಡುವ ಪಟುವಿನ ಪಾದವು ಹಲಗೆಯ ಮೇಲೆ ಇರುವುದು ಸೆಕೆಂಡಿನ ಎಂಟನೆಯ ಒಂದು ಪಾಲು ಮಾತ್ರ. ತಡವಾಗಿ ಬರುವ ಬಲವು, ಲೋಕಲ್ ಹೊರಟುಹೋದ ಮೇಲೆ ಪ್ಲಾಟ್‌ಫಾರ್ಮಿಗೆ ಬಂದವನ ಜೇಬಿನ ಪಾಸಿನಂತೆ. ಇದ್ದೂ ಉಪಯೋಗಕ್ಕೆ ಬಾರದು. ಆದ್ದರಿಂದ ಜಿಗಿಯುವವನಿಗೆ ಬೇಕಾದದ್ದು ಬಲ ಮಾತ್ರವಲ್ಲ, ಬೇಗ ಒದಗುವ ಬಲ.

ಇನ್ನೊಂದು ಸಂಗತಿ. ನಮ್ಮ ಮಾಂಸಖಂಡಗಳನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳು ಸ್ವಲ್ಪಮಟ್ಟಿಗೆ ರಬ್ಬರಿನ ಗುಣವುಳ್ಳವು. ಹಿಮ್ಮಡಿಯ ಮೇಲೆ ಕೈಯಿಟ್ಟು ನೋಡಿದರೆ ಸಿಗುವ ದಪ್ಪನೆಯ ಹುರಿ ಇವುಗಳಲ್ಲಿ ದೊಡ್ಡದು. ಜಿಗಿಯುವ ಮೊದಲು ನಾವು ತಾನಾಗಿಯೇ ಮಂಡಿಯನ್ನು ಕೊಂಚ ಮಡಿಸಿ ಕೆಳಗಿಳಿಯುತ್ತೇವಷ್ಟೆ. ಆಗ ಮಾಂಸಖಂಡವೂ ರಜ್ಜುವೂ ಹಿಗ್ಗುತ್ತವೆ. ಹಿಗ್ಗಿದ ಮರುಕ್ಷಣವೇ ಕುಗ್ಗಿದರೆ, ಹಿಗ್ಗುವಾಗ ಕೂಡಿಟ್ಟ ಶಕ್ತಿಯ ಒಂದು ಪಾಲು ನಮಗೆ ಹಿಂದಕ್ಕೆ ಸಿಗುತ್ತದೆ. ತಡಮಾಡಿದರೆ ಅದು ಶಾಖವಾಗಿ ಕಳೆದುಹೋಗುತ್ತದೆ. ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೊದಲು ಅರ್ಧ ಕುಳಿತು, ಮೂರು ಎಣಿಸುವವರೆಗೆ ಅಲ್ಲಾಡದೆ ಇದ್ದು, ಅಲ್ಲಿಂದ ಮೇಲಕ್ಕೆ ಜಿಗಿದು ಗೋಡೆಯ ಮೇಲೆ ಸುಣ್ಣದ ಗುರುತು ಮಾಡಿರಿ. ಆಮೇಲೆ ನಿಂತಲ್ಲಿಂದ ಥಟ್ಟನೆ ಕುಗ್ಗಿ ಥಟ್ಟನೆ ಜಿಗಿದು ಗುರುತು ಮಾಡಿರಿ. ಎರಡನೆಯ ಗುರುತು ಕೆಲವು ಸೆಂಟಿಮೀಟರಾದರೂ ಮೇಲಿರುತ್ತದೆ. ರಬ್ಬರಿನ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಕ್ಕೂ ಹಸಿಮಣ್ಣಿನ ಮುದ್ದೆ ಬಿದ್ದು ಅಲ್ಲಿಯೇ ಕೂರುವುದಕ್ಕೂ ಇರುವ ಅಂತರವೇ ಇಲ್ಲಿಯದು.

ಈ ಎರಡು ಮಾತುಗಳನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ. ನಾವು ಹೊರಿಸುವ ಭಾರವು ಕಾಲಿನ ಬಲವನ್ನು ಹೆಚ್ಚಿಸಬೇಕು. ಆದರೆ ಚೆಂಡನ್ನು ಮಣ್ಣಿನ ಮುದ್ದೆಯಾಗಿ ಮಾಡಬಾರದು.

೨. ಭಾರವನ್ನು ಬಳಸಿದ ಹಿಂದಿನವರು

ಜಿಗಿತಕ್ಕೂ ಭಾರಕ್ಕೂ ನಂಟು ಹಳೆಯದು. ಪ್ರಾಚೀನ ಗ್ರೀಸಿನ ಪಟುಗಳು ಉದ್ದಜಿಗಿತ ಮಾಡುವಾಗ ಎರಡೂ ಕೈಗಳಲ್ಲಿ ಹಾಲ್ಟರೆಸ್ ಎಂಬ ಕಲ್ಲಿನ ಅಥವಾ ಲೋಹದ ಗುಂಡುಗಳನ್ನು ಹಿಡಿದಿರುತ್ತಿದ್ದರು. ಅವರ ಮಣ್ಣಿನ ಪಾತ್ರೆಗಳ ಮೇಲೆ ಈ ಚಿತ್ರಗಳನ್ನು ಇಂದಿಗೂ ಕಾಣಬಹುದು. ಕೈಯಲ್ಲಿ ಭಾರ ಹಿಡಿದರೆ ಜಿಗಿತ ಕುಗ್ಗಬೇಕಲ್ಲ ಎಂದು ನಮಗೆ ತೋರುತ್ತದೆ. ಆದರೆ ೨೦೦೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಇಂಥ ಗುಂಡುಗಳನ್ನು ಸರಿಯಾಗಿ ಬೀಸಿದರೆ ಮೂರು ಮೀಟರಿನ ಜಿಗಿತಕ್ಕೆ ಸುಮಾರು ೧೭ ಸೆಂಟಿಮೀಟರ್ ಕೂಡುತ್ತದೆಂದು ಕಂಡುಬಂದಿತು. ಅಲ್ಲಿ ಭಾರವು ಜಿಗಿತಕ್ಕೆ ಅಡ್ಡಿಯಲ್ಲ, ಸಹಾಯ. ನಾವು ಹೇಳಹೊರಟಿರುವುದು ಇದಕ್ಕೆ ಬೇರೆಯಾದ ಬಳಕೆ: ಅಭ್ಯಾಸದಲ್ಲಿ ಅಡ್ಡಿಯೊಡ್ಡಿ, ಪರೀಕ್ಷೆಯ ದಿನ ಅದನ್ನು ತೆಗೆದುಬಿಡುವುದು.

ನಮ್ಮ ಗರಡಿಗಳಲ್ಲಿಯೂ ಭಾರದ ಸಾಮು ಇದ್ದೇ ಇತ್ತು. ದಂಡ, ಬಸ್ಕಿ, ಗದೆ ತಿರುಗಿಸುವುದು, ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವುದು ಇವನ್ನೆಲ್ಲ ನಮ್ಮಲ್ಲಿ ಹಲವರು ಬಾಲ್ಯದಲ್ಲಿ ನೋಡಿದವರೇ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಗರಡಿಯಲ್ಲಿ ಹುಡುಗನಿಗೆ ಮೊದಲ ದಿನವೇ ಕಲ್ಲು ಕೊಡುತ್ತಿರಲಿಲ್ಲ. ಬಸ್ಕಿಯಿಂದ ಕಾಲು ಗಟ್ಟಿಯಾದ ಮೇಲೆಯೇ ಭಾರದ ಮಾತು. ಮತ್ತು ಗರಡಿಯ ಅಂಕಣವು ಜರಡಿ ಹಿಡಿದ ಮೆತ್ತನೆಯ ಮಣ್ಣು, ಕಲ್ಲುಹಾಸಲ್ಲ.

ಆಧುನಿಕ ಕಾಲಕ್ಕೆ ಬಂದರೆ ಸೋವಿಯೆತ್ ದೇಶದ ವಲೇರಿ ಬ್ರುಮೆಲ್ ಹೆಸರನ್ನು ಹೇಳಬೇಕು. ಅವರು ೧೯೬೩ರಲ್ಲಿ ೨.೨೮ ಮೀಟರ್ ಎತ್ತರ ಜಿಗಿದು ವಿಶ್ವದಾಖಲೆ ಮಾಡಿದರು. ೧೯೬೪ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಬಾರ್ಬೆಲ್ ಎಂಬ ಭಾರದ ಕಂಬಿಯನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವುದು ಅವರ ಸಾಧನೆಯ ದೊಡ್ಡ ಅಂಗವಾಗಿತ್ತು. ಎತ್ತರ ಜಿಗಿಯುವವನು ಭಾರ ಎತ್ತಿದರೆ ಮೈ ಮಂದವಾಗುತ್ತದೆಂಬ ಹಳೆಯ ಭಯವನ್ನು ಇಂಥ ಪಟುಗಳು ಹೋಗಲಾಡಿಸಿದರು.

ಅದೇ ದೇಶದ ತರಬೇತುಗಾರ ಯೂರಿ ವೆರ್ಖೋಶಾನ್‌ಸ್ಕಿಯವರು ಅದೇ ದಶಕದಲ್ಲಿ ಬೇರೆ ದಾರಿ ಹಿಡಿದರು. ಭಾರೀ ಕಂಬಿಯನ್ನು ಹೊತ್ತರೆ ಬೆನ್ನುಮೂಳೆಗೆ ಬೀಳುವ ಹೊರೆ ದೊಡ್ಡದು. ಜಿಗಿತಗಾರನಿಗೆ ಬೇಕಾದದ್ದು ಕಾಲಿನ ಮೇಲಿನ ಹೊರೆ. ಅದಕ್ಕೆ ಅವರು ಕಂಡುಕೊಂಡ ಉಪಾಯವು ಎತ್ತರವನ್ನೇ ಭಾರವಾಗಿ ಮಾಡಿಕೊಳ್ಳುವುದು. ಪಟುವು ಪೆಟ್ಟಿಗೆಯ ಮೇಲಿನಿಂದ ಕೆಳಗಿಳಿದು, ಪಾದ ನೆಲ ಮುಟ್ಟಿದ ಕೂಡಲೆ ಮೇಲಕ್ಕೆ ಪುಟಿಯಬೇಕು. ಕೈಯಲ್ಲಿ ಭಾರವಿಲ್ಲ, ಹೆಗಲ ಮೇಲೆ ಭಾರವಿಲ್ಲ. ಬೀಳುವ ವೇಗವೇ ಭಾರ. ಇದು ವರ್ಷಗಟ್ಟಲೆ ಪಳಗಿದ ಪಟುಗಳಿಗಾಗಿ ಹೇಳಿದ ವಿಧಾನ. ಅವರಿಗೂ ವಾರಕ್ಕೆ ಒಂದೆರಡು ದಿನ, ದಿನಕ್ಕೆ ಸುಮಾರು ೪೦ ಜಿಗಿತ ಎಂಬ ಮಿತಿಯಿತ್ತು. ಈ ಬಗೆಯ ಸಾಧನೆಗೆ ೧೯೭೫ರ ಸುಮಾರಿಗೆ ಅಮೆರಿಕದ ಫ್ರೆಡ್ ವಿಲ್ಟ್ ಅವರು ಪ್ಲೈಯೊಮೆಟ್ರಿಕ್ಸ್ ಎಂದು ಹೆಸರಿಟ್ಟರು. ಇಂದು ಎಲ್ಲ ವ್ಯಾಯಾಮಶಾಲೆಗಳಲ್ಲಿಯೂ ಕೇಳಿಬರುವ ಹೆಸರು ಅದೇ.

೧೯೮೦ರ ದಶಕದಲ್ಲಿ ಇಟಲಿಯ ಕಾರ್ಮೆಲೊ ಬೊಸ್ಕೊ ಎಂಬ ವಿಜ್ಞಾನಿ ಇನ್ನೊಂದು ಪ್ರಯೋಗ ಮಾಡಿದರು. ಪಳಗಿದ ಪಟುಗಳಿಗೆ ದೇಹತೂಕದ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಭಾರವಿರುವ ನಡುವಂಗಿಯನ್ನು ತೊಡಿಸಿ, ಮೂರು ವಾರಗಳ ಕಾಲ ಹಗಲೆಲ್ಲ ಅದರಲ್ಲಿಯೇ ಇರಿಸಿದರು. ಅವರ ಜಿಗಿತ ಸುಧಾರಿಸಿತು. ಆದರೆ ಅಂಗಿಯನ್ನು ತೆಗೆದು ಕೆಲವು ವಾರ ಕಳೆಯುವಷ್ಟರಲ್ಲಿ ಗಳಿಕೆ ಕರಗಿ ಮೊದಲಿನ ಮಟ್ಟಕ್ಕೆ ಬಂದಿತು. ಇದರಿಂದ ಎರಡು ಪಾಠಗಳು: ಅಲ್ಪ ಭಾರವೂ ಕೆಲಸ ಮಾಡುತ್ತದೆ, ಆದರೆ ಅದರ ಫಲವು ಗಂಟು ಕಟ್ಟಿ ಇಡುವಂಥದಲ್ಲ, ಪರೀಕ್ಷೆಯ ದಿನಕ್ಕೆ ಹೊಂದಿಸಿಕೊಂಡು ಬಳಸುವಂಥದು.

೩. ಒಂದು ಸಣ್ಣ ಲೆಕ್ಕ

ನಮ್ಮ ಓದುಗರಲ್ಲಿ ಗುಮಾಸ್ತರು ಹೆಚ್ಚು; ಲೆಕ್ಕಕ್ಕೆ ಹೆದರುವವರಲ್ಲ. ಆದ್ದರಿಂದ ಭಾರದ ಬೆಲೆಯನ್ನು ಲೆಕ್ಕದಲ್ಲಿಯೇ ನೋಡೋಣ.

ಒಬ್ಬ ತರುಣನ ತೂಕ ೬೦ ಕಿಲೋ. ಅವನು ಮಂಡಿ ಮಡಿಸಿ ೪೦ ಸೆಂಟಿಮೀಟರ್ ಕೆಳಗಿಳಿದು, ಅಲ್ಲಿಂದ ಒದ್ದು, ನಿಂತ ಮಟ್ಟಕ್ಕಿಂತ ೪೦ ಸೆಂಟಿಮೀಟರ್ ಮೇಲೇರುತ್ತಾನೆ ಎಂದುಕೊಳ್ಳಿ. ಅಂದರೆ ಅವನ ಕಾಲುಗಳು ೬೦ ಕಿಲೋ ಭಾರವನ್ನು ಒಟ್ಟು ೮೦ ಸೆಂಟಿಮೀಟರ್ ಎತ್ತಿದವು. ೬೦ನ್ನು ೮೦ರಿಂದ ಗುಣಿಸಿದರೆ ೪೮೦೦. ಇದು ಅವನ ಒಂದು ಒದೆತದ ಒಟ್ಟು ಗಳಿಕೆ. ಇಷ್ಟೇ ಗಳಿಕೆಯಿಂದ ಹೆಚ್ಚು ಭಾರವನ್ನು ಎತ್ತಬೇಕಾದರೆ ಎತ್ತರ ಕಡಿಮೆಯಾಗಲೇಬೇಕು.

ಮೈಮೇಲೆ ೩ ಕಿಲೋ ಹೊತ್ತರೆ ಒಟ್ಟು ೬೩. ೪೮೦೦ನ್ನು ೬೩ರಿಂದ ಭಾಗಿಸಿದರೆ ೭೬. ಅದರಲ್ಲಿ ಕುಳಿತ ೪೦ನ್ನು ಕಳೆದರೆ ಜಿಗಿತ ೩೬ ಸೆಂಟಿಮೀಟರ್. ೬ ಕಿಲೋ ಹೊತ್ತರೆ ಸುಮಾರು ೩೩. ೧೨ ಕಿಲೋ ಹೊತ್ತರೆ ೨೭. ೨೪ ಕಿಲೋ ಹೊತ್ತರೆ ೧೭ ಮಾತ್ರ. ನಿಜವಾಗಿ ನೋಡಿದರೆ, ನಿಧಾನವಾಗಿ ಚಲಿಸುವಾಗ ಮಾಂಸಖಂಡ ಸ್ವಲ್ಪ ಹೆಚ್ಚು ಬಲ ತೋರುವುದರಿಂದ ಈ ಅಂಕೆಗಳು ಕೊಂಚ ಮೇಲಿರಬಹುದು. ಆದರೆ ಇಳಿತದ ರೀತಿ ಇದೇ. ದೇಹತೂಕದ ಹತ್ತನೆಯ ಒಂದು ಪಾಲು ಭಾರವು ಜಿಗಿತದ ಆರನೆಯ ಒಂದು ಪಾಲನ್ನು ತಿನ್ನುತ್ತದೆ. ಐದನೆಯ ಎರಡು ಪಾಲು ಹೊತ್ತವನು ಜಿಗಿಯುತ್ತಿಲ್ಲ, ಹೊರೆ ಹೊತ್ತು ಏಳುತ್ತಿದ್ದಾನೆ. ಅದು ಬಲಕ್ಕೆ ಒಳ್ಳೆಯದಿರಬಹುದು, ಜಿಗಿತದ ಚುರುಕಿಗಲ್ಲ.

ಈ ಲೆಕ್ಕದಿಂದ ಒಂದು ಕಟ್ಟಳೆ ಹುಟ್ಟುತ್ತದೆ. ಭಾರವಿಲ್ಲದೆ ಗೋಡೆಯ ಮೇಲೆ ಮಾಡಿದ ಜಿಗಿತವನ್ನು ಅಳೆಯಿರಿ. ಭಾರ ಹೊತ್ತು ಜಿಗಿದಾಗ ಅದು ಐದನೆಯ ಒಂದು ಪಾಲಿಗಿಂತ ಹೆಚ್ಚು ಕುಗ್ಗಿದರೆ ಭಾರ ಅತಿಯಾಯಿತೆಂದು ತಿಳಿದು ಇಳಿಸಿರಿ. ೪೦ ಸೆಂಟಿಮೀಟರ್ ಜಿಗಿಯುವವನು ಭಾರ ಹೊತ್ತು ೩೨ಕ್ಕಿಂತ ಕೆಳಗೆ ಬರಬಾರದು.

ಇನ್ನು ಇಳಿಯುವ ಕಡೆಯ ಲೆಕ್ಕ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಭಾರವಿಲ್ಲದ ನಮ್ಮ ತರುಣ ೪೦ ಸೆಂಟಿಮೀಟರಿನಿಂದ ನೆಲಕ್ಕೆ ಬಂದಾಗ ಕಾಲು ತಡೆಯಬೇಕಾದದ್ದು ೬೦ ಗುಣಿಸು ೪೦, ಅಂದರೆ ೨೪೦೦. ೧೨ ಕಿಲೋ ಹೊತ್ತವನು ೨೭ ಸೆಂಟಿಮೀಟರ್ ಮಾತ್ರ ಏರುವುದರಿಂದ ೭೨ ಗುಣಿಸು ೨೭, ಸುಮಾರು ೧೯೪೪, ಮೊದಲಿಗಿಂತ ಕಡಿಮೆಯೇ! ನೆಲದಿಂದ ಜಿಗಿದು ನೆಲಕ್ಕೇ ಬರುವಾಗ ಭಾರವು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತದೆ.

ಈಗ ನಮ್ಮ ಹೋಟೆಲಿನ ತರುಣನನ್ನು ನೆನೆಯಿರಿ. ಮೆಟ್ಟಿಲೊಂದು ೧೭ ಸೆಂಟಿಮೀಟರ್ ಎಂದು ಹಿಡಿದರೆ ಐದು ಮೆಟ್ಟಿಲಿಗೆ ೮೫. ಅವನ ತೂಕ ೬೦, ಮರಳು ೧೦, ಒಟ್ಟು ೭೦. ೭೦ ಗುಣಿಸು ೮೫ ಎಂದರೆ ೫೯೫೦. ಸಾಧಾರಣ ಜಿಗಿತದ ಎರಡೂವರೆ ಪಾಲು, ಅದೂ ಕಲ್ಲಿನ ಮೇಲೆ, ಅದೂ ದಿನವಿಡೀ ನಿಂತು ದಣಿದ ಕಾಲಿಗೆ. ಮೇಲಿನಿಂದ ಧುಮುಕುವವನ ಭಾರಕ್ಕೆ ಕೈ ಕಟ್ಟುವವರಿಲ್ಲ. ಆದ್ದರಿಂದ ಈ ಪಾಠದ ಮುಖ್ಯ ಮಾತು ಇದು: ಭಾರ ಹೊತ್ತರೆ ನೆಲದಿಂದಲೇ ಜಿಗಿಯಿರಿ, ಎತ್ತರದಿಂದ ಇಳಿದು ಪುಟಿಯುವುದಾದರೆ ಭಾರವನ್ನು ಇಳಿಸಿ ಬನ್ನಿರಿ. ಎರಡನ್ನೂ ಕೂಡಿಸಬೇಡಿರಿ.

೪. ಅಡ್ಡಿಯ ಬಗೆಗಳು

ಮೈಗೆ ಬಿಗಿದ ಭಾರ: ಇದೇ ಎಲ್ಲಕ್ಕೂ ಉತ್ತಮ. ಅಂಗಡಿಯಲ್ಲಿ ಸಿಗುವ ಭಾರದ ನಡುವಂಗಿ ದುಬಾರಿಯೆನಿಸಿದರೆ, ದಪ್ಪ ಬಟ್ಟೆಯಲ್ಲಿ ಸಣ್ಣ ಸಣ್ಣ ಜೇಬುಗಳನ್ನು ಹೊಲಿಸಿ ಮರಳಿನ ಪೊಟ್ಟಣಗಳನ್ನು ಇಡಬಹುದು. ಭಾರವು ಎದೆಗೂ ಬೆನ್ನಿಗೂ ಸಮವಾಗಿ ಹಂಚಿರಬೇಕು, ಜಿಗಿದಾಗ ಅಲುಗಾಡಬಾರದು. ಬೆನ್ನಿನ ಚೀಲ ಮಾತ್ರವಾದರೆ ಹಿಂದಕ್ಕೆ ಜಗ್ಗುತ್ತದೆ, ಅದನ್ನು ಸರಿದೂಗಿಸಲು ಮೈ ಮುಂದಕ್ಕೆ ಬಾಗುತ್ತದೆ, ಸೊಂಟ ನೋಯುತ್ತದೆ.

ಕೈಯಲ್ಲಿ ಹಿಡಿದ ಭಾರ: ಎರಡು ಕೈಯಲ್ಲಿ ಸಮತೂಕದ ಡಂಬೆಲ್ ಹಿಡಿದು ಜಿಗಿಯಬಹುದು. ಕಾಲು ಜಾರಿದರೆ ಕೂಡಲೆ ಬಿಟ್ಟುಬಿಡಬಹುದೆಂಬುದು ಇದರ ಗುಣ. ಕೈಬೀಸು ನಿಂತುಹೋಗುವುದು ಇದರ ದೋಷ. ಕೈಬೀಸಿನಿಂದಲೂ ಜಿಗಿತಕ್ಕೆ ಎತ್ತರ ಕೂಡುತ್ತದೆ.

ಕಣಕಾಲಿಗೆ ಕಟ್ಟಿದ ಭಾರ: ಇದನ್ನು ನಾವು ಒಪ್ಪುವುದಿಲ್ಲ. ಕಾಲಿನ ತುದಿಯಲ್ಲಿ ತೂಗುವ ಭಾರವು ಕಾಲನ್ನು ಬೀಸುವ ರೀತಿಯನ್ನೇ ಕೆಡಿಸುತ್ತದೆ. ಓಟದ ಹೆಜ್ಜೆ ತಪ್ಪುತ್ತದೆ, ಮಂಡಿಯ ಕೀಲು ಜಗ್ಗುತ್ತದೆ. ನಮ್ಮ ತರುಣರು ಮೊದಲು ಕಟ್ಟಿಕೊಳ್ಳುವುದು ಇದನ್ನೇ ಎಂಬುದು ವಿಷಾದದ ಸಂಗತಿ.

ರಬ್ಬರಿನ ಪಟ್ಟಿ: ಸೊಂಟಕ್ಕೂ ನೆಲಕ್ಕೂ ಬಿಗಿದ ಪಟ್ಟಿಯು ಮೇಲೇರಿದಂತೆಲ್ಲ ಹೆಚ್ಚು ಎಳೆಯುತ್ತದೆ. ಆದರೆ ಇಳಿಯುವಾಗಲೂ ಕೆಳಕ್ಕೇ ಎಳೆದು ಬೀಳುವ ವೇಗವನ್ನು ಹೆಚ್ಚಿಸುತ್ತದೆಂಬುದನ್ನು ಮರೆಯಬಾರದು. ಇದು ಪಳಗಿದವರ ಸಾಧನ.

ಮರಳು: ಮುಂಬಯಿಯವರಿಗೆ ಜುಹೂ, ಮದರಾಸಿನ ಬಂಧುಗಳಿಗೆ ಮರೀನಾ, ದೇವರು ಕೊಟ್ಟ ವ್ಯಾಯಾಮಶಾಲೆ. ಸಡಿಲ ಮರಳು ಒದೆತದ ಒಂದು ಪಾಲನ್ನು ನುಂಗುತ್ತದೆ. ಆದ್ದರಿಂದ ಭಾರ ಹೊರದೆಯೇ ಅಡ್ಡಿ ಸಿಗುತ್ತದೆ. ಇಳಿಯುವಾಗ ಮೆತ್ತಗೆ ಹಿಡಿಯುತ್ತದೆ; ಮರುದಿನದ ಮೈಕೈ ನೋವೂ ಕಡಿಮೆ. ಆದರೆ ಮರಳಿನಲ್ಲಿ ಪುಟಿತ ಕಲಿಯಲಾಗದು. ಅದಕ್ಕೆ ಹುಲ್ಲಿನ ನೆಲವೇ ಬೇಕು. ಹೈದರಾಬಾದ್ ದೆಹಲಿಗಳಲ್ಲಿ ಸಮುದ್ರವಿಲ್ಲದಿದ್ದರೂ ಶಾಲೆಯ ಮೈದಾನಗಳಲ್ಲಿ ಉದ್ದಜಿಗಿತದ ಮರಳುಗುಂಡಿ ಇರುತ್ತದೆ. ಕಾಲಿಡುವ ಮೊದಲು ಗಾಜಿನ ಚೂರುಗಳನ್ನು ನೋಡಿಕೊಳ್ಳಿರಿ.

ಮೆಟ್ಟಿಲು: ಚಾಳಿನ ಮೆಟ್ಟಿಲು ಶತ್ರುವಲ್ಲ, ಬಳಸುವ ದಿಕ್ಕು ತಪ್ಪಿದರೆ ಮಾತ್ರ ಶತ್ರು. ಕೆಳಗಿನಿಂದ ಎರಡು ಮೆಟ್ಟಿಲು ಮೇಲಕ್ಕೆ ಜಿಗಿದರೆ, ಏರಿದ ಎತ್ತರದ ಬಹುಪಾಲು ಅಲ್ಲಿಯೇ ಉಳಿಯುವುದರಿಂದ ಪಾದಕ್ಕೆ ಬೀಳುವ ಪೆಟ್ಟು ಅತ್ಯಲ್ಪ. ಹತ್ತುವಾಗ ಜಿಗಿಯಿರಿ, ಇಳಿಯುವಾಗ ನಡೆಯಿರಿ. ಈ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ಆದರೆ ಮೆಟ್ಟಿಲಿನ ಅಂಚು ಸವೆದಿರಬಾರದು, ಬೆಳಕು ಚೆನ್ನಾಗಿರಬೇಕು.

೫. ಹನ್ನೆರಡು ವಾರಗಳ ಕ್ರಮ

ಈಗ ಸಾಧನೆಯ ಕ್ರಮವನ್ನು ಹೇಳುತ್ತೇವೆ. ಇದು ವಾರಕ್ಕೆ ಎರಡು ದಿನದ ಕ್ರಮ. ಎರಡು ದಿನಗಳ ನಡುವೆ ಕಡಿಮೆಯೆಂದರೆ ಎರಡು ದಿನ ಬಿಡುವಿರಬೇಕು. ಪಾಳಿಯಲ್ಲಿ ದುಡಿಯುವವರು ಒಂದು ದಿನವನ್ನು ವಾರದ ರಜೆಯ ಬೆಳಿಗ್ಗೆಗೆ ಇಟ್ಟುಕೊಳ್ಳಲಿ, ಇನ್ನೊಂದನ್ನು ಕೆಲಸಕ್ಕೆ ಮುಂಚೆ. ಹತ್ತು ಹನ್ನೆರಡು ಗಂಟೆ ನಿಂತ ಮೇಲೆ ಜಿಗಿತದ ಸಾಧನೆ ಬೇಡ. ಪ್ರತಿ ಸಲವೂ ಮೊದಲು ಹತ್ತು ನಿಮಿಷ ನಿಧಾನವಾದ ಓಟ, ಕೈಕಾಲು ಬೀಸುವುದು, ಹಗುರ ಕುಪ್ಪಳಿಕೆ.

ಮೊದಲ ನಾಲ್ಕು ವಾರ ತಳಪಾಯ. ನಿಧಾನವಾಗಿ ಇಳಿದು ಏಳುವ ಬಸ್ಕಿ ೧೫ರಂತೆ ಮೂರು ಸಲ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು ೧೫ರಂತೆ ಮೂರು ಸಲ. ಆಮೇಲೆ ಇಳಿಯುವುದನ್ನು ಕಲಿಯಬೇಕು: ಒಂದೇ ಮೆಟ್ಟಿಲಿನಿಂದ ಮೆತ್ತನೆಯ ನೆಲಕ್ಕೆ, ಮಂಡಿ ಒಳಕ್ಕೆ ವಾಲದಂತೆ, ಸಪ್ಪಳವಾಗದಂತೆ, ಎಂಟರಂತೆ ಎರಡು ಸಲ. ಬೆಕ್ಕು ಅಟ್ಟದಿಂದ ಇಳಿದರೆ ಸದ್ದಾಗುವುದಿಲ್ಲವಷ್ಟೆ. ಅದೇ ನಮ್ಮ ಗುರು. ಸದ್ದು ಬರುವವರೆಗೂ ಮುಂದಿನ ಪಾಠವಿಲ್ಲ.

ಐದರಿಂದ ಎಂಟನೆಯ ವಾರ ಬರಿಮೈಯ ಜಿಗಿತ. ನಿಂತಲ್ಲಿಂದ ಮೇಲಕ್ಕೆ ಆರರಂತೆ ನಾಲ್ಕು ಸಲ. ನಿಂತಲ್ಲಿಂದ ಉದ್ದಕ್ಕೆ ಐದರಂತೆ ನಾಲ್ಕು ಸಲ. ಎರಡು ಮೆಟ್ಟಿಲು ಮೇಲಕ್ಕೆ ಐದರಂತೆ ಮೂರು ಸಲ. ಒಟ್ಟು ೬೦ರ ಆಸುಪಾಸು. ಪ್ರತಿ ಸರದಿಯ ನಡುವೆ ಎರಡು ಮೂರು ನಿಮಿಷ ಪೂರ್ಣ ವಿಶ್ರಾಂತಿ. ಇದು ಬೆವರು ಸುರಿಸುವ ಕಸರತ್ತಲ್ಲ. ಪ್ರತಿಯೊಂದು ಜಿಗಿತವೂ ಪೂರ್ಣ ಮನಸ್ಸಿನದಾಗಿರಬೇಕು. ಮಂದವಾದ ನೂರು ಜಿಗಿತಕ್ಕಿಂತ ಚುರುಕಾದ ಮೂವತ್ತು ಲೇಸು.

ಒಂಬತ್ತರಿಂದ ಹನ್ನೆರಡನೆಯ ವಾರ ಭಾರದ ಪ್ರವೇಶ. ಒಂಟಿಕಾಲಿನ ಮೇಲೆ ಐದು ಸಲ ಅರ್ಧ ಕುಳಿತು ಅಲುಗದೆ ಏಳಬಲ್ಲವನು ಮಾತ್ರ ಇಲ್ಲಿಗೆ ಬರಲಿ. ಮೊದಲ ಎರಡು ವಾರ ದೇಹತೂಕದ ಇಪ್ಪತ್ತನೆಯ ಒಂದು ಪಾಲು. ೬೦ ಕಿಲೋದವನಿಗೆ ೩ ಕಿಲೋ. ಮುಂದಿನ ಎರಡು ವಾರ ೫ ಕಿಲೋ, ಹೆಚ್ಚೆಂದರೆ ೬. ಈ ಭಾರ ಹೊತ್ತು ನೆಲದಿಂದ ಮೇಲಕ್ಕೆ ಐದರಂತೆ ನಾಲ್ಕು ಸಲ. ಬಳಿಕ ಭಾರವನ್ನು ಇಳಿಸಿ, ಮೂರು ನಿಮಿಷ ಕುಳಿತು, ಬರಿಮೈಯಲ್ಲಿ ಐದರಂತೆ ಮೂರು ಸಲ ಜಿಗಿಯಬೇಕು. ಈ ಕಡೆಯ ಜಿಗಿತಗಳನ್ನು ಬಿಡಬಾರದು. ಭಾರದಿಂದ ಬಂದ ಬಲವನ್ನು ಚುರುಕಾಗಿ ಖರ್ಚು ಮಾಡಲು ಕಾಲಿಗೆ ಕಲಿಸುವುದು ಇವೇ. ಸ್ಪರ್ಧೆಯೋ ಭರ್ತಿಯೋ ಇದ್ದರೆ ಅದರ ಮುಂಚಿನ ಒಂದು ವಾರ ಭಾರವನ್ನು ಮುಟ್ಟದೆ, ಜಿಗಿತಗಳನ್ನು ಅರ್ಧಕ್ಕೆ ಇಳಿಸಿ, ಚೆನ್ನಾಗಿ ಉಂಡು ಚೆನ್ನಾಗಿ ಮಲಗಬೇಕು.

ಎತ್ತರದಿಂದ ಇಳಿದು ಪುಟಿಯುವ ವಿಧಾನವನ್ನು ಈ ಹನ್ನೆರಡು ವಾರದಲ್ಲಿ ನಾವು ಸೇರಿಸಿಲ್ಲ. ಅದನ್ನು ಮಾಡಬಯಸುವವರು ಒಂದು ವರ್ಷದ ಸಾಧನೆಯ ಮೇಲೆ, ಅನುಭವಿ ತರಬೇತುಗಾರರ ಕಣ್ಣೆದುರಿಗೆ, ೩೦ ಸೆಂಟಿಮೀಟರಿನಿಂದ ಆರಂಭಿಸಲಿ.

ಹದಿನಾರರ ಕೆಳಗಿನ ಹುಡುಗರಿಗೆ ಹೊರೆಯ ಜಿಗಿತ ಬೇಡ. ಅವರ ಬೆಳೆಯುವ ಮೈಯೇ ಅವರಿಗೆ ದಿನದಿನಕ್ಕೆ ಹೆಚ್ಚುವ ಭಾರ. ಹಳೆಯ ಮಂಡಿನೋವು ಇದ್ದವರೂ, ಮೈಭಾರ ಹೆಚ್ಚಾದವರೂ ಮೊದಲು ವೈದ್ಯರನ್ನು ಕೇಳಲಿ.

೬. ನಿಲ್ಲಿಸಬೇಕಾದ ಸೂಚನೆಗಳು

ತೊಡೆ, ಮೀನಖಂಡಗಳಲ್ಲಿ ಎರಡು ದಿನ ಇದ್ದು ಹೋಗುವ ಮಂದವಾದ ನೋವಿಗೆ ಹೆದರಬೇಕಾಗಿಲ್ಲ. ಅದು ಮೈ ಹೊಸ ಕೆಲಸವನ್ನು ಕಲಿಯುವ ಗುರುತು. ಆದರೆ ಮಂಡಿಚಿಪ್ಪಿನ ಕೆಳಗೆ ಒಂದೇ ಬೊಟ್ಟಿನಲ್ಲಿ ತೋರಿಸಬಹುದಾದ ಚುಚ್ಚುನೋವು, ಬೆಳಿಗ್ಗೆ ಎದ್ದೊಡನೆ ಹಿಮ್ಮಡಿಯ ಹುರಿಯಲ್ಲಿ ಬಿಗಿತ, ಮೊಣಕಾಲ ಮುಂದಿನ ಎಲುಬನ್ನು ಒತ್ತಿದರೆ ನೋವು, ಕೀಲಿನಲ್ಲಿ ಬಾವು, ಇವುಗಳಲ್ಲಿ ಯಾವುದು ಕಂಡರೂ ಅಂದೇ ನಿಲ್ಲಿಸಬೇಕು. ಸ್ನಾಯುರಜ್ಜುವಿಗೆ ರಕ್ತದ ಸಂಚಾರ ಕಡಿಮೆ. ಆದ್ದರಿಂದ ಅದು ಕೆಡುವುದೂ ನಿಧಾನ, ಮಾಗುವುದು ಅದಕ್ಕಿಂತ ನಿಧಾನ. ವಾರದಲ್ಲಿ ನೋವು ಇಳಿಯದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಸರಕಾರಿ ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ತೋರಿಸಿರಿ.

ಇನ್ನೊಂದು ಸೂಚನೆ ಗೋಡೆಯ ಮೇಲೆಯೇ ಇದೆ. ಪ್ರತಿ ಸಲ ಆರಂಭದಲ್ಲಿ ಮಾಡುವ ಸುಣ್ಣದ ಗುರುತು ಹಿಂದಿನ ಸಲಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಬಂದಿದ್ದರೆ ಮೈ ಇನ್ನೂ ದಣಿದಿದೆ ಎಂದೇ ಅರ್ಥ. ಆ ದಿನ ಭಾರವಿಲ್ಲ. ಹಗುರಾಗಿ ಓಡಿ ಮನೆಗೆ ಹೋಗುವುದು. ಹಟ ಹಿಡಿದು ಗುರುತನ್ನು ಮೇಲೇರಿಸಲು ಹೊರಟವನು ಮರುವಾರ ಇನ್ನೂ ಕೆಳಗಿಳಿಯುತ್ತಾನೆ.

ಮುಗಿಸುವ ಮುನ್ನ

೨೦೧೨ರಲ್ಲಿ ಮಂಗಳೂರಿನ ಕಡೆಯ ಸಹನಾ ಕುಮಾರಿಯವರು ೧.೯೨ ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ, ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ೨೦೨೩ರ ಮಾರ್ಚಿಯಲ್ಲಿ ನಮ್ಮ ಬಳ್ಳಾರಿ ಸೀಮೆಯಲ್ಲಿ ನಡೆದ ಸ್ಪರ್ಧೆಯಲ್ಲಿ ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ ೮.೪೨ ಮೀಟರ್ ಉದ್ದ ಜಿಗಿದು ಹೊಸ ರಾಷ್ಟ್ರೀಯ ದಾಖಲೆ ಬರೆದರು. ಇಂಥ ಜಿಗಿತಗಳ ಚಿತ್ರವನ್ನು ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಗಾಳಿಯಲ್ಲಿರುವ ಮೈ. ಅದರ ಹಿಂದೆ ನೆಲದ ಮೇಲೆ ಕಳೆದ ವರ್ಷಗಳಿವೆ. ಬಸ್ಕಿಯೂ ಇದೆ, ವಿಶ್ರಾಂತಿಯೂ ಇದೆ, ಭಾರವೂ ಇದೆ. ಭಾರ ಮಾತ್ರ ಇಲ್ಲ.

ನಮ್ಮ ಹೋಟೆಲಿನ ತರುಣ ನಾಲ್ಕು ತಿಂಗಳು ಬಿಡುವು ಕೊಟ್ಟು, ವೈದ್ಯರು ಹೇಳಿದ ನಿಧಾನ ಬಸ್ಕಿಯಿಂದ ಮತ್ತೆ ಆರಂಭಿಸಿದ್ದಾನೆ. ಮರಳಿನ ಚೀಲವನ್ನು ಸದ್ಯ ಬಾಗಿಲು ಬಡಿಯದಂತೆ ಅಡ್ಡ ಇಡಲು ಬಳಸುತ್ತಾನೆ. ಕಳೆದ ರವಿವಾರ ಅವನ ಸುಣ್ಣದ ಗುರುತು, ನೋವು ಬರುವ ಮೊದಲಿನ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಮುಂದಿನ ಭರ್ತಿಗೆ ಇನ್ನೂ ಕಾಲವಿದೆ. ಭಾರಕ್ಕೆ ಈಗ ಅವನೇ ಅವಸರಪಡುತ್ತಿಲ್ಲ.

ಮನನಕ್ಕೆ ಕೆಲವು ಪ್ರಶ್ನೆಗಳು

(೧) ಕಾಲಿನಲ್ಲಿ ಬಹಳ ಬಲವಿದ್ದೂ ಎತ್ತರ ಜಿಗಿಯಲಾಗದವನಲ್ಲಿ ಏನು ಕೊರತೆಯಿರಬಹುದು?

(೨) ನಿಮ್ಮ ತೂಕ ೫೦ ಕಿಲೋ. ೪೦ ಸೆಂಟಿಮೀಟರ್ ಕುಳಿತು ೩೫ ಸೆಂಟಿಮೀಟರ್ ಜಿಗಿಯುತ್ತೀರಿ. ೫ ಕಿಲೋ ಹೊತ್ತರೆ ಲೆಕ್ಕದಂತೆ ಎಷ್ಟು ಜಿಗಿಯುವಿರಿ? ಆ ಭಾರವು ಪಾಠದ ಕಟ್ಟಳೆಯೊಳಗೆ ಇದೆಯೆ?

(೩) ಭಾರ ಹೊತ್ತು ನೆಲದಿಂದ ಜಿಗಿಯುವುದಕ್ಕೂ ಭಾರ ಹೊತ್ತು ಮೆಟ್ಟಿಲಿನಿಂದ ಧುಮುಕುವುದಕ್ಕೂ ಕಾಲಿನ ದೃಷ್ಟಿಯಿಂದ ಇರುವ ಭೇದವೇನು?

ಎರಡನೆಯದಕ್ಕೆ ಉತ್ತರ: ಸುಮಾರು ೨೮ ಸೆಂಟಿಮೀಟರ್, ಕಟ್ಟಳೆಯ ಅಂಚಿನಲ್ಲಿದೆ. ಅಂಚಿನಲ್ಲಿದ್ದಾಗ ಒಂದು ಕಿಲೋ ಇಳಿಸುವುದೇ ಜಾಣತನ.